ಪುಸ್ತಕದ ಅಜ್ಜಿ ಎದ್ದ ಬಗೆ

ಆ ದಿನ ಮಾಡಿದ ಕೆಲಸಗಳನ್ನು ಮೊದಲು ಬರೆದುಬಿಡುತ್ತೇನೆ. ಐದೂವರೆಗೆ ಹಾಲಿನ ಬೂತಿಗೆ ಹೋಗಿಬಂದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಇಟ್ಟೆ. ಇವರ ಡಬ್ಬಿಗೆ ಚಪಾತಿ, ಬೆಂಡೆಕಾಯಿ ಪಲ್ಯ. ದೋಸೆಗೆ ಅಕ್ಕಿ, ಉದ್ದು ನೆನೆಹಾಕಿದೆ. ಗ್ಯಾಸ್ ಮುಗಿಯುವ ಹಾಗಿತ್ತು, ಸೀಮೆಎಣ್ಣೆ ಸ್ಟೋವಿನ ಬತ್ತಿ ಸರಿಮಾಡಿಟ್ಟೆ. ಮುಂದಿನ ರೂಮಿನಲ್ಲಿ ಜಮಖಾನ ಹಾಸಿದೆ. ಒಂಬತ್ತೂವರೆಯಿಂದ ಹನ್ನೆರಡೂವರೆಯವರೆಗೆ ಹದಿನಾರು ಮಕ್ಕಳು. ಇಬ್ಬರ ಮೂಗು ಒರೆಸಿದೆ, ಒಬ್ಬಳ ಚಡ್ಡಿ ಬದಲಾಯಿಸಿದೆ, ಕರ್ಣಕುಂಡಲದ ಬೀಜವನ್ನು ಮೂಗಿಗೆ ತುರುಕಿಕೊಂಡಿದ್ದ ಒಬ್ಬನಿಗೆ ನಶ್ಯ ತೋರಿಸಿ ಸೀನು ಬರಿಸಿದೆ. ಮಧ್ಯಾಹ್ನ ಬಟ್ಟೆ ಮಡಿಸಿದೆ. ನಾಲ್ಕು ಗಂಟೆಗೆ ಮಾರ್ಕೆಟ್ಟಿಗೆ ಹೋಗಿ ಹುರುಳಿಕಾಯಿ, ತೆಂಗಿನಕಾಯಿ, ಒಂದು ಮೊಳ ಕನಕಾಂಬರ ತಂದೆ.

ಮನೆಗೆ ಬಂದು ಮೆಟ್ಟಿಲ ಹತ್ತಿರ ಚಪ್ಪಲಿ ಬಿಡಲು ಹೋದೆ.

ಎಡಗಾಲಿನಲ್ಲಿ ಚಪ್ಪಲಿಯೇ ಇರಲಿಲ್ಲ.

ಎಲ್ಲಿ ಬಿತ್ತೋ ಗೊತ್ತಿಲ್ಲ. ಬರೀ ಕಾಲಿನಲ್ಲಿ ಡಾಂಬರು ರಸ್ತೆ ತುಳಿದುಕೊಂಡು ಬಂದಿದ್ದರೂ ನನಗೆ ತಿಳಿದಿರಲಿಲ್ಲ. ಕಾಲು ಜೋಮು ಹಿಡಿದಿರಬೇಕು ಅಂದುಕೊಂಡು ವಾಪಸು ಹೋಗಿ ಹುಡುಕಿದೆ. ಮೂಲೆಯ ಇಸ್ತ್ರಿ ಗಾಡಿಯವನು ತೆಗೆದಿಟ್ಟಿದ್ದ. "ಕರೆದೆ ಅಕ್ಕ, ನೀವು ತಿರುಗ್ಲೇ ಇಲ್ಲ" ಅಂದ.

ಮಾರನೆಯ ದಿನ ಎರಡೂ ಪಾದಗಳಲ್ಲಿ ಇರುವೆ ಹರಿದ ಹಾಗೆ. ಮೂರನೆಯ ದಿನ ಬೆಳಿಗ್ಗೆ ಒರಳಿನ ಮುಂದೆ ಕೂತು ಚಟ್ನಿ ರುಬ್ಬಿದೆ. ರುಬ್ಬಿ ಮುಗಿಯಿತು. ಏಳಲು ಹೋದೆ. ಏಳಲಾಗಲಿಲ್ಲ. ಇವರು ಕಂಕುಳಿಗೆ ಕೈಹಾಕಿ ಎತ್ತಿದರು, ಬಿಟ್ಟ ಕೂಡಲೇ ಒದ್ದೆ ಬಟ್ಟೆ ಜಾರಿದ ಹಾಗೆ ಮತ್ತೆ ನೆಲಕ್ಕೆ ಬಂದೆ.

ಆಸ್ಪತ್ರೆಗೆ ಆಟೋದಲ್ಲಿ ಹೋದೆವು. ವಯಸ್ಸಾದ ಡಾಕ್ಟರು. ರಬ್ಬರು ಸುತ್ತಿಗೆಯಿಂದ ಮಂಡಿಯ ಕೆಳಗೆ ಹೊಡೆದರು. ಕಾಲು ಅಲ್ಲಾಡಲಿಲ್ಲ. ಇನ್ನೊಂದಕ್ಕೂ ಹೊಡೆದರು. ಅದೂ ಇಲ್ಲ.

"ಹದಿನೈದು ದಿನದ ಹಿಂದೆ ಏನಾದ್ರೂ ಜ್ವರ, ಭೇದಿ ಬಂದಿತ್ತಾಮ್ಮ?"

ಬಂದಿತ್ತು. ನಾಲ್ಕು ದಿನ ಗಂಜಿ, ಮಜ್ಜಿಗೆ ಕುಡಿದು ವಾಸಿಮಾಡಿಕೊಂಡಿದ್ದೆ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳಿದೆ. ಬೆನ್ನುಮೂಳೆಯಿಂದ ನೀರು ತೆಗೆದರು, ಲಂಬಾರ್ ಪಂಕ್ಚರ್ ಅಂತ. ಸಂಜೆ ಬಂದು ಹೆಸರು ಹೇಳಿದರು. ಗಿಯಾನ್-ಬಾರೆ ಸಿಂಡ್ರೋಮ್. ಇವರು ಅದನ್ನು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡರು.

"ನರದ ಮೇಲೊಂದು ಪದರ ಇರುತ್ತಮ್ಮ, ವೈರಿನ ಮೇಲೆ ಇನ್ಸುಲೇಷನ್ ಇದ್ದ ಹಾಗೆ. ಅದು ಹಾಳಾಗಿದೆ. ಮತ್ತೆ ಬೆಳೆಯುತ್ತೆ. ನಿಧಾನ."

"ಎಷ್ಟು ನಿಧಾನ ಸಾರ್?"

"ಆರು ತಿಂಗಳು, ವರ್ಷ. ಕೆಲವರಿಗೆ ಪೂರ್ತಿ ವಾಸಿಯಾಗುತ್ತೆ. ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತೆ."

ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಕೈಗೆ ಅದು ಹತ್ತುತ್ತಾ ಬಂತು. ದಿನಕ್ಕೆ ಮೂರು ಸಲ ಒಬ್ಬ ಚಿಕ್ಕ ಡಾಕ್ಟರು ಬಂದು, ಉಸಿರು ಎಳೆದುಕೊಂಡು ಒಂದೇ ಉಸಿರಿನಲ್ಲಿ ಎಣಿಸಿ ಅನ್ನುತ್ತಿದ್ದರು. ಮೊದಲ ದಿನ ಮೂವತ್ತೆಂಟರವರೆಗೆ ಎಣಿಸಿದೆ. ಮಾರನೆಯ ದಿನ ಇಪ್ಪತ್ತನಾಲ್ಕು.

ಅದರ ಮಾರನೆಯ ದಿನ ಹನ್ನೊಂದು.

ಉಸಿರಾಡಿಸುವ ಮಷೀನನ್ನು ತಂದು ಮಂಚದ ಪಕ್ಕ ನಿಲ್ಲಿಸಿದರು. ಅದರ ಮೇಲೆ ಹಸಿರು ಬಟ್ಟೆ ಹೊದಿಸಿತ್ತು. ನಾನು ಆ ಬಟ್ಟೆಯನ್ನು ನೋಡುತ್ತಾ ಮಲಗಿದ್ದೆ. ಇವರ ಅಕ್ಕ ಸೀತಮ್ಮ, ಕತ್ರಿಗುಪ್ಪೆಯಲ್ಲಿ ಮಗನ ಮನೆಯಲ್ಲಿದ್ದವರು, ಸುದ್ದಿ ಕೇಳಿದ ದಿನವೇ ಒಂದು ಬ್ಯಾಗು ಹಿಡಿದು ಬಂದಿದ್ದರು. ನಾನು ಎಣಿಸುವಾಗ ಅತ್ತಿಗೆ ಕಾಲ ಬಳಿ ನಿಂತು ತಾವೂ ತುಟಿ ಅಲ್ಲಾಡಿಸುತ್ತಿದ್ದರು. ಹನ್ನೊಂದಕ್ಕೆ ನಾನು ನಿಂತಾಗ ಅವರ ತುಟಿ ಹನ್ನೆರಡು ಅಂದಿತು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು.

ಮಷೀನು ಬೇಕಾಗಲಿಲ್ಲ. ನಾಲ್ಕು ದಿನ ಹನ್ನೊಂದು, ಹನ್ನೆರಡರಲ್ಲೇ ನಿಂತು, ಆಮೇಲೆ ಹದಿನೈದಾಯಿತು, ಇಪ್ಪತ್ತಾಯಿತು. ಒಂದು ದಿನ ಬೆಳಿಗ್ಗೆ ಹಸಿರು ಬಟ್ಟೆಯ ಸಮೇತ ಅದನ್ನು ತಳ್ಳಿಕೊಂಡು ಹೋದರು.

ಅವತ್ತೇ ಇವರು ಕೇಳಿದರು, "ಮನೆಯಿಂದ ಏನಾದ್ರೂ ತರ್ಲಾ?"

"ಅಜ್ಜಿ ಪುಸ್ತಕ ತನ್ನಿ" ಅಂದೆ.

ಅಜ್ಜಿ ಪುಸ್ತಕದ ವಿಷಯ ಸ್ವಲ್ಪ ಹೇಳಬೇಕು. ನನಗೆ ನಲವತ್ತಾರು ವರ್ಷ. ಜಯನಗರ ನಾಲ್ಕನೇ ಟಿ ಬ್ಲಾಕಿನ ನಮ್ಮ ಮನೆಯ ಮುಂದಿನ ರೂಮಿನಲ್ಲಿ ಒಂಬತ್ತು ವರ್ಷದಿಂದ ಶಿಶುವಿಹಾರ ನಡೆಸುತ್ತಿದ್ದೇನೆ. ನಮಗೆ ಮಕ್ಕಳಿಲ್ಲ, ಅದಕ್ಕೇ ಶಿಶುವಿಹಾರ ಅಂತ ಜನ ಅಂದುಕೊಳ್ಳುತ್ತಾರೆ. ಅದಲ್ಲ. ನನಗೆ ಪುಸ್ತಕ ತೋರಿಸುವುದು ಇಷ್ಟ. ಒಂದು ಟ್ರಂಕಿನ ತುಂಬ ಬೊಂಬೆ ಪುಸ್ತಕಗಳಿವೆ. ಹಳೇ ಕ್ಯಾಲೆಂಡರಿನಿಂದ, ಬೀಜದ ಪೊಟ್ಟಣದಿಂದ ಹೂವಿನ ಚಿತ್ರ ಕತ್ತರಿಸಿ ನಾನೇ ಅಂಟಿಸಿ ಮಾಡಿದವೂ ಇವೆ.

ಅಜ್ಜಿ ಪುಸ್ತಕವನ್ನು ತಂದದ್ದು ಇವರು. ರಷ್ಯಾದ ಪುಸ್ತಕಗಳ ವ್ಯಾನು ಮೈದಾನದ ಹತ್ತಿರ ಬಂದು ನಿಂತಿತ್ತು. ಎಲ್ಲರೂ ಕನ್ನಡದ್ದೋ ಇಂಗ್ಲಿಷಿನದೋ ಆರಿಸಿಕೊಂಡು ಹೋದರೆ, ಇವರು ಬೊಂಬೆ ಚೆನ್ನಾಗಿದೆ ಅಂತ ರಷ್ಯನ್ ಭಾಷೆಯದನ್ನೇ ತಂದರು. ಒಂದಕ್ಷರವೂ ಓದಲು ಬಾರದು. ಹಾಗಾಗಿ ಕಥೆ ನಾನೇ ಕಟ್ಟಿದೆ.

ಮೊದಲ ಪುಟದಲ್ಲಿ ತಲೆಗೆ ಕೆಂಪು ವಸ್ತ್ರ ಕಟ್ಟಿದ ದಪ್ಪ ಅಜ್ಜಿ ಬೀಜದ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಎರಡನೆಯದರಲ್ಲಿ ನೆಲ ಅಗೆಯುತ್ತಾಳೆ. ಮೂರನೆಯದರಲ್ಲಿ ಕೂತು ಬೀಜ ಹಾಕುತ್ತಾಳೆ. ನಾಲ್ಕನೆಯದರಲ್ಲಿ ಎರಡೂ ಮಂಡಿ, ಎರಡೂ ಅಂಗೈ ನೆಲಕ್ಕೆ ಊರಿ ಬಗ್ಗಿದ್ದಾಳೆ. "ನೋಡಿ ಮಕ್ಕಳೇ, ಅಜ್ಜಿ ಭೂಮಿತಾಯಿಗೆ ನಮಸ್ಕಾರ ಮಾಡ್ತಿದಾಳೆ." ಐದನೆಯದರಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೈಯಿಟ್ಟು ತಲೆ ವಾಲಿಸಿದ್ದಾಳೆ. "ಬೀಜ ಏನು ಹೇಳುತ್ತೆ ಅಂತ ಕೇಳಿಸ್ಕೊಳ್ತಿದಾಳೆ." ಆರನೆಯದರಲ್ಲಿ ಕೆಂಪು ಮುಖ, ತೆರೆದ ಬಾಯಿ. "ಹಾಡ್ತಿದಾಳೆ." ಆಮೇಲೆ ಮಳೆ, ಮೊಳಕೆ, ಕಡೆಯ ಎರಡು ಪುಟದ ತುಂಬ ಡೇರೆ ಹೂ, ಅಜ್ಜಿಯ ಮನೆಯೇ ಕಾಣದಷ್ಟು.

ಆ ಪುಸ್ತಕ ತೋರಿಸಿದ ಮೇಲೆ ಮಕ್ಕಳನ್ನು ಹಿಡಿಯಲಾಗುತ್ತಿರಲಿಲ್ಲ. ವನಸ್ಪತಿ ಡಬ್ಬ, ಕರಟ, ಒಡೆದ ಬೋಸಿ, ಎಲ್ಲದಕ್ಕೂ ಮಣ್ಣು ತುಂಬಿ ಬೀಜ ಹಾಕಬೇಕು. ಹಾಕುವ ಮುಂಚೆ ಸಾಲಾಗಿ ಮಂಡಿಯೂರಿ ನಮಸ್ಕಾರ. ನಮ್ಮ ಬೀದಿಯ ಮನೆಮನೆಯ ಕಾಂಪೌಂಡಿನಲ್ಲಿ ಕರ್ಣಕುಂಡಲ, ಚೆಂಡು ಹೂ ಇರುವುದು ಆ ಅಜ್ಜಿಯಿಂದ. ಒಬ್ಬಳು ತಾಯಿ ಬಂದು, "ಮಿಸ್, ನಿಮ್ಮ ಪುಸ್ತಕದಿಂದ ನನ್ನ ಕೊತ್ತಂಬರಿ ಪಾತಿ ಹೋಯ್ತು" ಅಂತ ಜಗಳಕ್ಕೆ ನಿಂತಿದ್ದಳು. ಆಮೇಲೆ ಅವಳೇ ಸೇವಂತಿಗೆ ಸಸಿ ಕೇಳಿಕೊಂಡು ಹೋದಳು.

ಆಸ್ಪತ್ರೆಯಲ್ಲಿ ನನಗೆ ಪುಸ್ತಕ ಹಿಡಿಯಲು ಬರುತ್ತಿರಲಿಲ್ಲ. ಇವರು ಸ್ಟೂಲಿನ ಮೇಲೆ ಕೂತು ಹಿಡಿದರು, ತಮ್ಮ ಕಡೆಗೆ.

"ಹಾಗಲ್ಲ ರೀ. ನನ್ನ ಕಡೆ ತಿರುಗಿಸಿ. ಬೆರಳು ಬೊಂಬೆ ಮೇಲೆ ಇಡಬೇಡಿ."

"ನಿನ್ನ ಶಿಶುವಿಹಾರದಲ್ಲಿ ನಾನು ಫೇಲೇ ಬಿಡು" ಅಂದರು.

ಆರು ವಾರ ಆಸ್ಪತ್ರೆ. ಕೈಗಳು ಮೊದಲು ಬಂದವು. ಒಂದು ದಿನ ನಾನೇ ಚಮಚ ಹಿಡಿದು ಮೊಸರನ್ನ ತಿಂದೆ, ಅರ್ಧ ಕತ್ತಿನ ಮೇಲೆ. ಆಮೇಲೆ ಎರಡು ಕಡೆಯೂ ಸರಳು ಹಿಡಿದು ನಡೆಯುವ ಪ್ಯಾರಲಲ್ ಬಾರ್, ಆಮೇಲೆ ವಾಕರ್. ಫಿಸಿಯೋಥೆರಪಿಯ ಫಿಲೋಮಿನಾ ಸಿಸ್ಟರ್ ಕೋಲಾರದ ಚಿನ್ನದ ಗಣಿ ಕಡೆಯವಳು, ಬಾಯಿ ಜೋರು. "ಎತ್ತಿ ಮೇಡಂ, ಎತ್ತಿ! ಅದು ನಿಮ್ಮ ಕಾಲೇ, ಪಕ್ಕದ ಮನೇದಲ್ಲ!" ಎಡಪಾದ ಮಾತ್ರ ಜೋತುಬಿದ್ದೇ ಇತ್ತು. ಫುಟ್ ಡ್ರಾಪ್. ಅದನ್ನು ಎತ್ತಿ ಹಿಡಿಯಲು ಒಂದು ಸ್ಪ್ಲಿಂಟ್ ಕಟ್ಟಿ ಮನೆಗೆ ಕಳಿಸಿದರು.

ಮನೆಗೆ ಬಂದ ಮೇಲೆ ಫಿಲೋಮಿನಾ ವಾರಕ್ಕೊಮ್ಮೆ ಬರುತ್ತಿದ್ದಳು. ಅವಳ ಹತ್ತಿರ ಒಂದು ಪಟ್ಟಿ ಇತ್ತು. ಮಂಚದಿಂದ ಏಳುವುದು, ಕುರ್ಚಿಯಿಂದ ಏಳುವುದು, ಕಮೋಡಿನಿಂದ ಏಳುವುದು, ಮೂರು ಮೆಟ್ಟಿಲು ಹತ್ತುವುದು. ಒಂದೊಂದಾಗಿ ಗುರುತು ಹಾಕುತ್ತಾ ಹೋದಳು. ಫೆಬ್ರವರಿಗೆ ವಾಕರ್ ಬಿಟ್ಟು ಕೋಲು. ಮಾರ್ಚಿಗೆ ಗೇಟಿನವರೆಗೆ. ಪಟ್ಟಿ ಮುಗಿಯಿತು.

"ನೆಲದಿಂದ ಏಳೋದು?" ಅಂತ ಕೇಳಿದೆ.

"ನೆಲದ ಮೇಲೆ ಯಾಕೆ ಕೂರ್ತೀರಿ ಮೇಡಂ? ಕುರ್ಚಿ ಇಲ್ವಾ? ಬಿದ್ರೆ ಮೂಳೆ ಹೋಗುತ್ತೆ. ಬೇಡ."

ನನ್ನ ಕೆಲಸವೆಲ್ಲ ನೆಲದ ಮೇಲೆ. ಮಕ್ಕಳು ಕೂರುವುದು ಜಮಖಾನದ ಮೇಲೆ. ಅವರ ಮುಂದೆ ಕೂತು, ಅವರ ಕಣ್ಣಿನ ಮಟ್ಟಕ್ಕೆ ಪುಸ್ತಕ ಹಿಡಿಯಬೇಕು. ಅಳುವವನನ್ನು ಎಳೆದು ಪಕ್ಕಕ್ಕೆ ಕೂರಿಸಿಕೊಳ್ಳಬೇಕು. ಬೀಜ ಹಾಕುವಾಗ ಮಣ್ಣಿನ ಹತ್ತಿರ ಕೂರಬೇಕು. ಮೂರು ಗಂಟೆಯಲ್ಲಿ ಹತ್ತು ಸಲವಾದರೂ ಎದ್ದು ಕೂರುವ ಕೆಲಸ. ನೆಲದಿಂದ ತಾನಾಗಿ ಏಳಲಾರದವಳು ಶಿಶುವಿಹಾರ ನಡೆಸಲಾರಳು. ಜೂನಿನಲ್ಲಿ ಶಾಲೆಗಳು ಶುರು. ಅಷ್ಟರೊಳಗೆ ನಾನು ನೆಲದ ಮೇಲೆ ಕೂತು ಏಳಬೇಕು. ಮನಸ್ಸಿನಲ್ಲಿ ಇದೊಂದೇ ಇತ್ತು.

ಇವರು ಒಂದು ಬೆತ್ತದ ಕುರ್ಚಿ ತಂದರು. "ಇದರ ಮೇಲೆ ಕೂತು ಪಾಠ ಮಾಡು." ಸರಿ, ನೋಡೋಣ ಅಂತ ಏಪ್ರಿಲಿನ ಒಂದು ಶನಿವಾರ ಅಕ್ಕಪಕ್ಕದ ಆರು ಮಕ್ಕಳನ್ನು ಕರೆದೆ. ಕುರ್ಚಿಯ ಮೇಲೆ ಕೂತು ಪುಸ್ತಕ ತೆರೆದೆ.

"ಮಿಸ್, ಕಾಣ್ತಿಲ್ಲ ಮಿಸ್!"

"ಮಿಸ್, ನೀವ್ಯಾಕೆ ಮೇಲೆ ಇದೀರ?"

ಬಗ್ಗಿಸಿ ಹಿಡಿದರೆ ನನ್ನ ಬೆನ್ನು ಹಿಡಿಯುತ್ತಿತ್ತು. ಇಬ್ಬರು ನೋಡಲು ನನ್ನ ಸ್ಪ್ಲಿಂಟಿನ ಮೇಲೇ ಹತ್ತಿದರು. ಒಬ್ಬ ಕುರ್ಚಿಯ ಕೆಳಗೆ ತೂರಿಕೊಂಡು ಅಲ್ಲೇ ಮಲಗಿದ. ಅರ್ಧ ಗಂಟೆಗೆ ಪುಸ್ತಕ ಮುಚ್ಚಿದೆ.

ಮುಂದಿನ ಶುಕ್ರವಾರ ಅತ್ತಿಗೆ ದೇವಸ್ಥಾನಕ್ಕೆ ಹೋದರು. ಇವರು ಆಫೀಸಿಗೆ ಹೋಗಿಯಾಗಿತ್ತು. ನಾನು ಗೋಡೆ ಹಿಡಿದು ನಿಧಾನವಾಗಿ ನೆಲಕ್ಕೆ ಇಳಿದೆ. ಇಳಿಯುವುದು ಸುಲಭವಾಗಿತ್ತು. ಐದು ತಿಂಗಳಾದ ಮೇಲೆ ರೆಡಾಕ್ಸೈಡ್ ನೆಲದ ತಂಪು ಕೈಗೆ ಸಿಕ್ಕಿತು. ಸಂತೋಷವಾಯಿತು. ಹತ್ತು ನಿಮಿಷ ಹಾಗೇ ಕೂತಿದ್ದು, ಮಂಡಿಯ ಮೇಲೆ ಬಂದು ಏಳಲು ಹೋದೆ. ಯಾರೋ ಸೊಂಟ ಹಿಡಿದು ಕೆಳಕ್ಕೆ ಎಳೆದ ಹಾಗಾಯಿತು. ಮುಂದಕ್ಕೆ ಮುಗ್ಗರಿಸಿದೆ. ಗಲ್ಲ ನೆಲಕ್ಕೆ ಬಡಿಯಿತು.

ಒಂದೂವರೆ ಗಂಟೆ ಅಲ್ಲೇ ಬಿದ್ದಿದ್ದೆ.

ತೆವಳಿಕೊಂಡು ಹೋಗಿ ಬಾಗಿಲ ಚಿಲಕ ತೆಗೆಯೋಣವೆಂದರೆ ಚಿಲಕ ಮೇಲಿತ್ತು. ರಸ್ತೆಯಲ್ಲಿ ತರಕಾರಿ ಗಾಡಿಯವನು ಎರಡು ಸಲ ಕೂಗಿಕೊಂಡು ಹೋದ. ಕರೆಯಬಹುದಿತ್ತು. ಕರೆಯಲಿಲ್ಲ. ಹಾಗೆ ಬಿದ್ದಿರುವುದನ್ನು ಅವನು ನೋಡುವುದು ಬೇಡವಾಗಿತ್ತು. ಅತ್ತಿಗೆ ಹಿಂಬಾಗಿಲಿಂದ ಬಂದವರು ಪ್ರಸಾದದ ಪೊಟ್ಟಣವನ್ನು ಅಲ್ಲೇ ಕೈಬಿಟ್ಟರು. ಪಕ್ಕದ ಮನೆಯವರನ್ನು ಕೂಗಿ ಇಬ್ಬರೂ ಸೇರಿ ನನ್ನನ್ನು ಎತ್ತಿದರು. ಅತ್ತಿಗೆ ಗಲ್ಲಕ್ಕೆ ಅರಿಶಿನ ಹಚ್ಚಿದರು. ಹಚ್ಚಿ ಮುಗಿದ ಮೇಲೆ ಮಾತು ಶುರುವಾಯಿತು.

"ನಿನ್ನ ಉಸಿರು ಹನ್ನೊಂದಕ್ಕೆ ನಿಂತಿದ್ದು ನೋಡಿದವಳು ನಾನು. ಇನ್ನೊಂದು ಸಲ ನೋಡೋ ಶಕ್ತಿ ನನಗಿಲ್ಲ. ಆಯ್ತು ನಿನ್ನ ಶಿಶುವಿಹಾರ. ಸಾಕು."

ಸಂಜೆಯೇ ಬೀದಿಯ ಮನೆಗಳಿಗೆ ಹೋಗಿ, ಈ ವರ್ಷದಿಂದ ಇಲ್ಲ, ಬೇರೆ ಕಡೆ ನೋಡಿಕೊಳ್ಳಿ ಅಂತ ಹೇಳಿಬಂದರು. ನಾನು ಇವರ ಮುಖ ನೋಡಿದೆ. ಇವರು ಪೇಪರಿನ ಹಿಂದೆ ಹೋದರು. "ಅಕ್ಕ ಹೇಳೋದೂ ಸರಿ ಅಲ್ವಾ" ಅಂತ ಪೇಪರಿನ ಆ ಕಡೆಯಿಂದ ಬಂತು.

ನಾನು ಅಳಲಿಲ್ಲ. ಜಗಳವನ್ನೂ ಆಡಲಿಲ್ಲ. ಬಿದ್ದದ್ದು ಯಾಕೆ ಅಂತ ಮಾತ್ರ ಯೋಚಿಸುತ್ತಿದ್ದೆ. ಕಾಲಿಗೆ ಶಕ್ತಿಯಿತ್ತು. ಕುರ್ಚಿಯಿಂದ ಏಳುತ್ತೇನೆ, ಮೆಟ್ಟಿಲು ಹತ್ತುತ್ತೇನೆ. ಎಳೆದದ್ದು ಯಾರು?

ಎರಡು ದಿನ ಬಿಟ್ಟು ಅತ್ತಿಗೆ ಮುಂದಿನ ರೂಮಿನಲ್ಲಿ ಟ್ರಂಕು ತೆಗೆದು ಕೂತರು. ಪುಸ್ತಕಗಳನ್ನು ಒರೆಸಿ, ಕತ್ರಿಗುಪ್ಪೆಯ ಮೊಮ್ಮಕ್ಕಳಿಗೆ ಕೊಡಲು ಬೇರೆ ಕಟ್ಟುತ್ತಿದ್ದರು. ನಾನು ಬೆತ್ತದ ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. ಕೊಡಬೇಡಿ ಅನ್ನಲು ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವರ ಕೈಗೆ ಅಜ್ಜಿ ಪುಸ್ತಕ ಬಂತು. ಪುಟ ತಿರುಗಿಸಿದರು. ನಿಂತರು.

"ಇದ್ಯಾರೇ ವಿಮಲಾ?"

"ಅಜ್ಜಿ. ಭೂಮಿತಾಯಿಗೆ ನಮಸ್ಕಾರ ಮಾಡ್ತಿದಾಳೆ."

"ಯಾವ ದೇಶದವಳು?"

"ರಷ್ಯಾ."

"ಅಲ್ಲಿ ಭೂಮಿತಾಯಿಗೆ ನಮಸ್ಕಾರ ಮಾಡ್ತಾರಾ?"

"ಗೊತ್ತಿಲ್ಲ ಅತ್ತಿಗೆ. ನಾನೇ ಹೇಳ್ಕೊಂಡಿದ್ದು."

ಕನ್ನಡಕ ಹಾಕಿಕೊಂಡರು. ಐದನೆಯ ಪುಟ, ಆರನೆಯ ಪುಟ, ಮತ್ತೆ ನಾಲ್ಕನೆಯದು. ಇದ್ದಕ್ಕಿದ್ದ ಹಾಗೆ ನಗಲು ಶುರುಮಾಡಿದರು. ನಾನು ಹೆದರಿದೆ. ಅಷ್ಟು ನಕ್ಕದ್ದನ್ನು ನೋಡಿಯೇ ಇರಲಿಲ್ಲ.

"ನಿನ್ನ ತಲೆ! ಯಾವ ನಮಸ್ಕಾರಾನೇ ಇದು? ಇವಳಿಗೆ ಮಂಡಿನೋವು! ಕೂತವಳು ಏಳಕ್ಕಾಗ್ದೆ ಒದ್ದಾಡ್ತಿದಾಳೆ. ಮೊದಲು ಅಂಗೈ ಊರಿದಾಳೆ. ಆಮೇಲೆ ಬಕೆಟ್ಟು ಬೋರಲು ಹಾಕ್ಕೊಂಡು ಅದರ ಮೇಲೊಂದು ಕೈ, ಒಂದು ಕಾಲು ಮುಂದಕ್ಕೆ. ಆಮೇಲೆ 'ಅಪ್ಪಾ ತಂದೆ' ಅಂತ ಎದ್ದಿದಾಳೆ. ನೋಡು, ಬಾಯಿ ತೆಗೆದಿರೋದು ಯಾತಕ್ಕೆ ಅಂದ್ಕೊಂಡೆ?"

"ಹಾಡ್ತಿದಾಳೆ ಅಂತ ಹೇಳ್ತಿದ್ದೆ."

"ಹಾಡು! ಈ ಹಾಡು ನಾನು ದಿನಾ ಬಚ್ಚಲಲ್ಲಿ ಹಾಡ್ತೀನಿ."

ಪುಸ್ತಕ ಇಸಿದುಕೊಂಡು ನೋಡಿದೆ. ಒಂಬತ್ತು ವರ್ಷ ಮಕ್ಕಳ ಕಡೆ ತಿರುಗಿಸಿ ಹಿಡಿದು, ನಾನು ಮೇಲಿನಿಂದ ತಲೆಕೆಳಗಾಗಿಯೇ ನೋಡುತ್ತಾ ಬಂದಿದ್ದೆ. ಆಸ್ಪತ್ರೆಯಲ್ಲಿ ಇವರು ನೇರವಾಗಿ ಹಿಡಿದಾಗಲೂ ನನ್ನ ಹಳೇ ಕಥೆಯನ್ನೇ ನೋಡಿದ್ದೆ. ಈಗ ಸರಿಯಾಗಿ ನೋಡಿದರೆ ಎಲ್ಲ ಅಲ್ಲೇ ಇದೆ. ಹಿಂದೆ ಬಿದ್ದ ಕೋಲು. ಮಂಡಿಗೆ ಸುತ್ತಿದ ಪಟ್ಟಿ. ಬಕೆಟ್ಟಿನ ಅಂಚು ಹಿಡಿದ ಬೆರಳುಗಳು.

ನಗು ನಿಂತ ಮೇಲೆ ಅತ್ತಿಗೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಆಮೇಲೆ ಸಣ್ಣ ದನಿಯಲ್ಲಿ, "ನಾನು ಯಾರಿಗೂ ಹೇಳಿಲ್ಲ. ಬಚ್ಚಲಲ್ಲಿ ಅಷ್ಟು ಹೊತ್ತು ಏನಮ್ಮಾ ಮಾಡ್ತೀಯ ಅಂತ ಮಗ ಬಾಗಿಲು ತಟ್ತಾನೆ. ಜಪ ಮಾಡ್ತೀನಿ ಅಂತೀನಿ" ಅಂದರು.

"ಅತ್ತಿಗೆ, ನನಗೂ ಕಲಿಸಿ."

"ಏನನ್ನ?"

"ಆ ಜಪವನ್ನೇ."

ಅವರು ಪುಸ್ತಕದ ಕಡೆ, ನನ್ನ ಕಾಲಿನ ಕಡೆ, ಗಲ್ಲದ ಕಪ್ಪು ಕಲೆಯ ಕಡೆ ನೋಡಿದರು. ಬೇಡ ಅನ್ನುತ್ತಾರೆ ಅಂದುಕೊಂಡೆ. "ಅವತ್ತು ಇಳಿದಾಗ ಸೀರೆ ಹೇಗೆ ಉಟ್ಟಿದ್ದೆ?" ಅಂತ ಕೇಳಿದರು.

"ಹೀಗೇ. ದಿನಾ ಉಡೋ ಹಾಗೆ."

"ನಿರಿಗೆ ಮಂಡಿ ಕೆಳಗೆ ಸಿಕ್ಕಿದೆ. ಅದರ ಮೇಲೇ ಮಂಡಿಯೂರಿ ಮೇಲೆ ಏಳಕ್ಕೆ ಹೋದ್ರೆ ಸೊಂಟ ಹಿಡಿದು ಎಳೆಯಲ್ವಾ? ಇವಳನ್ನ ನೋಡು. ಲಂಗ ಎತ್ತಿ ಸೊಂಟಕ್ಕೆ ಸಿಗಿಸ್ಕೊಂಡಿದಾಳೆ. ಬುದ್ಧಿವಂತೆ."

ಎಳೆದವರು ಯಾರು ಅಂತ ಗೊತ್ತಾಯಿತು. ನನ್ನ ಸೀರೆಯೇ.

ಮಾರನೆಯ ದಿನ ಅತ್ತಿಗೆ ತಮ್ಮ ಒಂದು ಹದಿನೆಂಟು ಮೊಳದ ಸೀರೆಯನ್ನು ನನಗೆ ಕಚ್ಚೆ ಹಾಕಿ ಉಡಿಸಿದರು. ತಗಡಿನ ಬಕೆಟ್ಟು ಬೋರಲು ಹಾಕಿದರು. ಷರತ್ತುಗಳೂ ಇದ್ದವು. ಅವರು ಮನೆಯಲ್ಲಿದ್ದಾಗ ಮಾತ್ರ. ದಿನಕ್ಕೆ ಐದು ಸಲ ಮಾತ್ರ. ಆಗುವುದಿಲ್ಲ ಅಂತ ಅವರು ಹೇಳಿದ ದಿನ ನಾನು ಒಪ್ಪಿಕೊಳ್ಳಬೇಕು. ಒಪ್ಪಿದೆ.

ಮೊದಲ ವಾರ ಬರೀ ಕೂತಲ್ಲಿಂದ ಹೊರಳಿ ಕೈ, ಮಂಡಿಯ ಮೇಲೆ ಬರುವುದು. ತೋಳು ನಡುಗುತ್ತಿತ್ತು. ಎರಡನೆಯ ವಾರ ಬಲಗಾಲನ್ನು ಮುಂದೆ ತಂದು ಪಾದ ಊರುವುದು. ಅದೇ ಕಷ್ಟದ್ದು. ಕಾಲು ಮುಂದೆ ಬರುವುದಿಲ್ಲ, ಕೈಯಿಂದ ಎತ್ತಿ ಇಡಬೇಕು. ಹಿಂದೆ ಉಳಿದ ಎಡಪಾದದ ಬೆರಳು ನೆಲ ಹಿಡಿಯಬೇಕು, ಅದು ಹಿಡಿಯದೆ ಜಾರುತ್ತಿತ್ತು. ನನ್ನ ಜೊತೆ ಅತ್ತಿಗೆಯೂ ಇನ್ನೊಂದು ಬಕೆಟ್ಟು ಇಟ್ಟುಕೊಂಡು ಮಾಡಿ ತೋರಿಸುತ್ತಿದ್ದರು. ಒಂದು ಸಂಜೆ ಇವರು ಆಫೀಸಿನಿಂದ ಬಂದಾಗ ನಾವಿಬ್ಬರೂ ಮುಂದಿನ ರೂಮಿನ ಮಧ್ಯೆ ನಾಲ್ಕು ಕಾಲಿನ ಮೇಲಿದ್ದೆವು, ಇಬ್ಬರಿಗೂ ಕಚ್ಚೆ.

ಇವರು ಬಾಗಿಲಲ್ಲೇ ನಿಂತರು. "ಏನು ಕಳೀತು? ನಾನೂ ಹುಡುಕ್ಲಾ?"

"ನಿನ್ನ ಬುದ್ಧಿ ಕಳೆದಿದೆ, ಅದನ್ನೇ ಹುಡುಕ್ತಿದೀವಿ. ಒಳಗೆ ಹೋಗಿ ಕಾಫಿಗೆ ನೀರಿಡು" ಅಂದರು ಅತ್ತಿಗೆ.

ಇವರು ನಿಜವಾಗಿಯೂ ಹೋಗಿ ನೀರಿಟ್ಟರು. ಕಾಫಿ ಕೆಟ್ಟದಾಗಿತ್ತು.

ಹದಿನಾಲ್ಕನೆಯ ದಿನ ಅತ್ತಿಗೆ, "ಇವತ್ತಿಗೆ ನಿಲ್ಲಿಸೋಣ ಕಣೇ. ಆಗ್ತಿಲ್ಲ" ಅಂದರು. ಒಪ್ಪಿಕೊಳ್ಳುತ್ತೇನೆ ಅಂತ ಮಾತು ಕೊಟ್ಟಿದ್ದೆ. ಐದು ಸಲದಲ್ಲಿ ಇನ್ನೂ ಎರಡು ಉಳಿದಿವೆ, ಅವು ನನ್ನವು ಅಂದೆ. ನಾಲ್ಕನೆಯ ಸಲ ಅರ್ಧಕ್ಕೆ ಬಂದು ಕೂತೆ. ಐದನೆಯ ಸಲ ಬಕೆಟ್ಟನ್ನು ಒಂದು ಗೇಣು ಹತ್ತಿರಕ್ಕೆ ಎಳೆದುಕೊಂಡೆ. ಪುಸ್ತಕದಲ್ಲಿ ಅದು ಅಜ್ಜಿಯ ಮಂಡಿಗೇ ತಾಗಿಕೊಂಡಿತ್ತು, ನಾವು ದೂರ ಇಡುತ್ತಿದ್ದೆವು. ಅಂಗೈ ಒತ್ತಿದೆ. ಸೊಂಟ ಮೇಲೆ ಬಂತು. ತೊಡೆ ಗಡಗಡ ಅಲ್ಲಾಡಿತು. ಬಾಯಿಂದ ಏನೋ ದನಿ ಬಂತು.

ನಿಂತಿದ್ದೆ.

ಅತ್ತಿಗೆ ನನ್ನ ಹಿಂದೆ ಎರಡೂ ಕೈ ಚಾಚಿಕೊಂಡೇ ಇದ್ದರು, ಮುಟ್ಟಿರಲಿಲ್ಲ. "ಮುಟ್ಟಿಲ್ಲ ಕಣೇ, ಮುಟ್ಟಿಲ್ಲ" ಅಂತ ಎರಡು ಸಲ ಹೇಳಿದರು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಬೀದಿಯ ಮನೆಗಳಿಗೆ ಮತ್ತೆ ಹೋಗಿ, ಜೂನಿನಿಂದ ಶುರು, ನಾನು ಅವತ್ತು ಹೇಳಿದ್ದು ಬಿಡಿ, ಅಂತ ಹೇಳಿಬರಲು.

ಫಿಲೋಮಿನಾ ಬಂದಾಗ ಮಾಡಿ ತೋರಿಸಿದೆ. ಸೊಂಟಕ್ಕೆ ಕೈಯಿಟ್ಟು ನೋಡಿದಳು. "ಯಾರ್ ಮೇಡಂ ಕಲ್ಸಿದ್ದು? ಬೇರೆ ಫಿಸಿಯೋ ಇಟ್ಕೊಂಡ್ರಾ?" ಪುಸ್ತಕ ತೋರಿಸಿದೆ. ಪುಟ ತಿರುಗಿಸಿ, ತನ್ನ ಪಟ್ಟಿಯ ಕೆಳಗೆ 'ನೆಲ' ಅಂತ ಬರೆದು, ಗುರುತು ಹಾಕಿದಳು. "ಬಲಗಾಲಲ್ಲೇ ಏಳಿ. ಎಡಗಾಲಿಗೆ ಆಸೆ ಪಡ್ಬೇಡಿ, ಈಗ್ಲೇ ಬೇಡ" ಅಂದಳು.

ಜೂನಿನಲ್ಲಿ ಹದಿನಾರರ ಬದಲು ಒಂಬತ್ತು ಮಕ್ಕಳು ಬಂದರು. ಉಳಿದವರು ಬೇರೆ ಕಡೆ ಸೇರಿದ್ದರು, ಅದರಲ್ಲಿ ತಪ್ಪೇನಿಲ್ಲ. ಮೊದಲ ದಿನವೇ ಸಣ್ಣ ಮಳೆ ಬಂದು ನಿಂತಿತ್ತು. ಜಮಖಾನದ ಮೇಲೆ ಕೂತು ಅಜ್ಜಿ ಪುಸ್ತಕ ತೋರಿಸಿದೆ. ನಾಲ್ಕನೆಯ ಪುಟಕ್ಕೆ ಬಂದಾಗ ಏನು ಹೇಳಬೇಕೋ ತಿಳಿಯದೆ ಸ್ವಲ್ಪ ತಡೆದೆ. ಹಳೇ ಮಕ್ಕಳು ತಾವೇ ಕೂಗಿದವು, "ನಮಸ್ಕಾರ!" ನಮಸ್ಕಾರ ಮಾಡಿದಳು, ಆಮೇಲೆ ಮಂಡಿ ನೋಯ್ತು, ಹೀಗೆ ಎದ್ದಳು, ಅಂತ ಕಥೆ ತಿದ್ದಿದೆ. ಯಾರೂ ಆಕ್ಷೇಪಿಸಲಿಲ್ಲ.

ಆಮೇಲೆ ಕಾಂಪೌಂಡಿಗೆ ಹೋದೆವು. ಒಂಬತ್ತು ಡಬ್ಬ, ಚೆಂಡು ಹೂವಿನ ಬೀಜ. ಗೇಟಿನ ಹೊರಗೆ ಮೂವರು ತಾಯಂದಿರು ಹೋಗದೆ ನಿಂತಿದ್ದರು. ಅವರು ಏನು ನೋಡಲು ನಿಂತಿದ್ದಾರೆ ಅಂತ ನನಗೆ ಗೊತ್ತಿತ್ತು. ಕಚ್ಚೆ ಬಿಗಿಮಾಡಿಕೊಂಡು, ಬಕೆಟ್ಟು ಪಕ್ಕಕ್ಕೆ ಬೋರಲು ಹಾಕಿ ಮಣ್ಣಿಗೆ ಇಳಿದೆ. ಒಬ್ಬೊಬ್ಬರಿಗೂ ಬೆರಳಿನಿಂದ ಗುಳಿ ಮಾಡಿಸಿ ಬೀಜ ಹಾಕಿಸಿದೆ. ಎಲ್ಲ ಮುಗಿಯಿತು. ಏಳಬೇಕು.

ಮೊದಲನೆಯ ಸಲ ಆಗಲಿಲ್ಲ. ಒದ್ದೆ ಮಣ್ಣಿನಲ್ಲಿ ಬಕೆಟ್ಟು ಒಂದು ಕಡೆಗೆ ಕುಸಿಯಿತು.

ಒಬ್ಬ ತಾಯಿ ಗೇಟಿನ ಚಿಲಕಕ್ಕೆ ಕೈಹಾಕಿದಳು. ಜಗುಲಿಯ ಮೇಲಿದ್ದ ಅತ್ತಿಗೆ, "ಬೇಡ, ಅಲ್ಲೇ ಇರಿ" ಅಂದರು. ಎರಡನೆಯ ಸಲವೂ ಕೂತುಬಿಟ್ಟೆ. ಬೆವರು ಕಣ್ಣಿಗೆ ಇಳಿಯಿತು. ಮಕ್ಕಳು ಡಬ್ಬ ಬಿಟ್ಟು ಹತ್ತಿರ ಬಂದು ನಿಂತವು. ಬಕೆಟ್ಟನ್ನು ಎತ್ತಿ ಪಕ್ಕದಲ್ಲಿದ್ದ ಕಲ್ಲುಚಪ್ಪಡಿಯ ಮೇಲೆ ಇಟ್ಟೆ, ಮಂಡಿಗೆ ತಾಗಿಸಿ. ಅಂಗೈ ಊರಿದೆ.

"ಮಿಸ್, ಬಾಯಿ ತೆಗೀರಿ ಮಿಸ್!" ಅಂತ ಹಿಂದಿನಿಂದ ನಾಲ್ಕು ವರ್ಷದ ಪದ್ಮಿನಿ ಕೂಗಿದಳು. "ಅಜ್ಜಿ ಬಾಯಿ ತೆಗೀತಾಳೆ!"

ತೆಗೆದೆ. "ಅಪ್ಪಾ ತಂದೆ" ಅಂತ ಎದ್ದು ನಿಂತೆ.

ಕೈಮಣ್ಣು ಒರೆಸಿಕೊಳ್ಳುವಷ್ಟರಲ್ಲಿ ಒಂಬತ್ತು ಮಕ್ಕಳೂ ಬಕೆಟ್ಟಿಗೆ ಮುತ್ತಿಕೊಂಡಿದ್ದವು. ಎಲ್ಲರಿಗೂ ಮಂಡಿ ನೋವು. ಎಲ್ಲರೂ ಅದನ್ನು ಹಿಡಿದೇ ಏಳಬೇಕು, ಎಲ್ಲರೂ ಅಪ್ಪಾ ತಂದೆ ಅನ್ನಬೇಕು. ಗೇಟಿನ ಹೊರಗೆ ಒಬ್ಬ ತಾಯಿ, "ನಾಳೆ ಒಂಬತ್ತೂವರೆಗೇನಾ ಮಿಸ್?" ಅಂತ ಕೇಳಿದಳು. ಹೌದು ಅಂದೆ.

ಈಗ ಮೂರು ವಾರವಾಯಿತು. ಎಡಪಾದ ಇನ್ನೂ ನೆಲಕ್ಕೆ ಪಟಪಟ ಬಡಿಯುತ್ತದೆ. ಅದು ಹೀಗೇ ಉಳಿಯಬಹುದು ಅಂತ ಡಾಕ್ಟರು ಹೇಳಿದ್ದಾರೆ. ನೆಲದಿಂದ ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಏಳಲಾಗುವುದಿಲ್ಲ, ಆದ್ದರಿಂದ ಒಮ್ಮೆ ಕೂತರೆ ಆದಷ್ಟು ಕೆಲಸ ಅಲ್ಲೇ ಮುಗಿಸುತ್ತೇನೆ. ಮೂಗು ಒರೆಸಿಕೊಳ್ಳಬೇಕಾದವರು ತಾವೇ ನನ್ನ ಹತ್ತಿರ ಬರುತ್ತಾರೆ. ಬೆಳಿಗ್ಗೆ ಎದ್ದಾಗ ಮೊದಲು ಬೆರಳುಗಳನ್ನು ಅಲ್ಲಾಡಿಸಿ ನೋಡುತ್ತೇನೆ, ಇವೆಯೋ ಇಲ್ಲವೋ ಅಂತ. ಇದ್ದರೆ ಎದ್ದು ಒಲೆ ಹಚ್ಚುತ್ತೇನೆ. ಅತ್ತಿಗೆ ಶಿಶುವಿಹಾರ ಶುರುವಾದ ವಾರದ ಭಾನುವಾರವೇ ಕತ್ರಿಗುಪ್ಪೆಗೆ ಹೊರಡುತ್ತೇನೆ ಅಂದಿದ್ದರು. ಮೂರು ಭಾನುವಾರ ಕಳೆದವು. ನಾವೂ ಕೇಳಲಿಲ್ಲ, ಅವರೂ ಆ ಮಾತು ಎತ್ತಲಿಲ್ಲ.

ಈ ಸಂಜೆ ಹೀರೇಕಾಯಿ ತೊವ್ವೆ, ಅನ್ನ, ಮಜ್ಜಿಗೆ, ಅತ್ತಿಗೆ ಕರಿದ ಅರಳು ಸಂಡಿಗೆ. ಇವರು ಎರಡು ಸಲ ತೊವ್ವೆ ಹಾಕಿಸಿಕೊಂಡರು. ರೇಡಿಯೋದಲ್ಲಿ ವಾರ್ತೆ ಇನ್ನೂ ಮುಗಿದಿರಲಿಲ್ಲ, ಅತ್ತಿಗೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೈಯಲ್ಲಿ ಬಟ್ಟಲು ಹಿಡಿದೇ ನಿದ್ದೆ ಹೋದರು. ಬಟ್ಟಲು ತೆಗೆದಿಟ್ಟು ಹೊದಿಸಿದೆ. ಆಮೇಲೆ ಇವರು. ಕಡೆಗೆ ನಾನು.